ಹಳದಿ ಮಗುವಿಗೆ ಚಿನ್ನದ ಹೆಸರು

ಶುಕ್ರವಾರ ಬೆಳಿಗ್ಗೆ ಎಲಿಕಾಟ್ ಸಿಟಿಯ ನಮ್ಮ ಮನೆಯಲ್ಲಿ ಜರ್ದಾಕ್ಕೆ ಅಕ್ಕಿ ತೊಳೆಯುತ್ತಿದ್ದೆ. ಷಾರ್ಲೆಟ್‌ನಲ್ಲಿರುವ ತಂಗಿ ಶಬಾನಾಗೆ ಹೆಣ್ಣುಮಗುವಾಗಿತ್ತು. ಆ ಖುಷಿಗೆ ಅಕ್ಕಪಕ್ಕದವರಿಗೆ ಹಂಚಲು ಈ ಹಳದಿ ಸಿಹಿ ಅನ್ನ. ಹಾಲಿಗೆ ಕೇಸರಿ ಹಾಕುವಷ್ಟರಲ್ಲಿ ಅವಳದೇ ಫೋನು: "ಆಪಾ, ಮಗೂಗೆ ಕಾಮಾಲೆ. ಮತ್ತೆ ಅಡ್ಮಿಟ್ ಮಾಡಿದಾರೆ. ಬಂದ್ಬಿಡು."

ಅಕ್ಕಿ, ಹಾಲು ಎರಡನ್ನೂ ಫ್ರಿಜ್ಜಿಗೆ ತಳ್ಳಿ, ಚಿತ್ರಾನ್ನ ಕಟ್ಟಿಕೊಂಡು ಹೊರಟೆವು. ನಾನೂರು ಮೈಲಿಗೂ ಹೆಚ್ಚಿನ ದಾರಿ. ವಾಷಿಂಗ್ಟನ್ ದಾಟಿ ಫ್ರೆಡ್ರಿಕ್ಸ್‌ಬರ್ಗ್‌ವರೆಗೂ ಕಾರುಗಳು ತೆವಳಿದವು. "ಬಾಯಲ್ಲಿ ದುವಾ, ಕಣ್ಣು ಮಾತ್ರ ನನ್ನ ಸ್ಪೀಡಿನ ಮೇಲೆ! ಒಂದನ್ನಾದ್ರೂ ನಂಬು ಕಣೇ," ಎಂದರು ಡ್ರೈವ್ ಮಾಡುತ್ತಿದ್ದ ನಮ್ಮವರು. ವರ್ಜೀನಿಯಾದ ರೆಸ್ಟ್ ಏರಿಯಾದಲ್ಲಿ ಹುಲ್ಲಿನ ಮೇಲೆ ಜಾನಮಾಜ್ ಹಾಸಿ ನಮಾಜು ಮಾಡಿದೆವು. ನಾವು ಕಾರು ಹತ್ತಿದ ಮೇಲೆಯೇ ಮಳೆ ಹನಿಯಿತು. ಅಲ್ಹಮ್ದುಲಿಲ್ಲಾಹ್. ಪೀಟರ್ಸ್‌ಬರ್ಗ್ ಕಳೆದ ಮೇಲೆ ರಸ್ತೆ ಖಾಲಿ. ಎರಡೂ ಕಡೆ ಪೈನ್ ಮರಗಳು.

ಸಂಜೆ ಆಸ್ಪತ್ರೆ ತಲುಪಿದಾಗ ಮಗು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನೀಲಿ ದೀಪದಡಿ ಮಲಗಿತ್ತು. ಶಬಾನಾಳ ಪಕ್ಕದ ಮನೆಯ ಇಂಗ್ರಿಡ್ ಆಂಟಿ ಸೂಪು ತಂದು ಅವಳ ಜೊತೆ ಕೂತಿದ್ದರು. ಅವಳು ಅದನ್ನು ಮುಟ್ಟಿರಲಿಲ್ಲ.

"ಅತ್ತೆ ಮೈಸೂರಿಂದ ಫೋನ್ ಮಾಡಿದ್ರು. ಜರೀನಾ ಅಂತ ಕರೆದ್ರಿ, ಮಗು ಹಳದಿಯಾಯ್ತು, ಅಕೀಕಾ ದಿನ ಬೇರೆ ಹೆಸರಿಡಿ ಅಂದ್ರು. ಆಪಾ, ನಾನೇ ತಂದೆನಾ ಇದನ್ನ?" ಎಂದು ಶಬಾನಾ ಅತ್ತಳು.

ಜರೀನಾ ಎಂದರೆ ಚಿನ್ನದಂಥವಳು. ತೀರಿಕೊಂಡ ನಮ್ಮ ಅಮ್ಮಿಯ ಹೆಸರು. ಬಿಡಬೇಡ ಎನ್ನಬೇಕೆನಿಸಿತು. ಆದರೆ ಆ ಮಗುವನ್ನು ನೋಡುತ್ತಾ ಅವಳ ಬೆನ್ನು ಸವರಿದೆ, ಅಷ್ಟೇ.

ಯಾಕಳುತ್ತಾಳೆ ಎಂದು ಇಂಗ್ರಿಡ್ ಆಂಟಿ ಕೇಳಿದರು. ಹೇಳಿದೆ. ಅವರು ಜರ್ಮನಿಯವರು, ಇಲ್ಲಿ ಶಾಲೆಯಲ್ಲಿ ಜರ್ಮನ್ ಕಲಿಸಿ ನಿವೃತ್ತರಾದವರು.

"ನಾವೂ ಚಿನ್ನಕ್ಕೆ ಗೋಲ್ಡ್ ಅಂತೀವಿ, ಸ್ವೀಡನ್‌ನವರು ಗುಲ್ಡ್ ಅಂತಾರೆ," ಎಂದರು. "ಬಹಳ ಹಳೆಯ ಬೇರು. ಹಳದಿಯಾಗಿ ಹೊಳೆಯೋದು ಅಂತ ಅರ್ಥ. ಹಳದಿಗೆ ಗೆಲ್ಬ್, ಪಿತ್ತಕ್ಕೆ ಗಾಲೆ. ಅವೂ ಅದೇ ಮನೆಯವು."

"ನಮ್ಮಲ್ಲಿ ಜರ್ ಅಂದ್ರೆ ಚಿನ್ನ, ಜರ್ದ್ ಅಂದ್ರೆ ಹಳದಿ," ಎಂದು ನನ್ನ ದುಪಟ್ಟಾದ ಜರಿ ತೋರಿಸಿದೆ.

"ಪರ್ಷಿಯನ್ನಿನವು. ಅವೂ ನೆಂಟರೇ. ಸಂಸ್ಕೃತದ ಹಿರಣ್ಯ ಕೂಡ. ಜನ ಮೊದಲು ಬಣ್ಣ ಕಂಡರು, ಆಮೇಲೆ ಚಿನ್ನಕ್ಕೆ ಆ ಹೆಸರಿಟ್ಟರು. ಹೆಸರು ಯಾರನ್ನೂ ಹಳದಿ ಮಾಡೋದಿಲ್ಲ." ಶಬಾನಾಳ ಕಡೆ ತಿರುಗಿದರು. "ನನ್ನ ಮಗನಿಗೂ ಹುಟ್ಟಿದಾಗ ಕಾಮಾಲೆ ಆಗಿತ್ತು. ಅವನ ಹೆಸರು ಪೀಟರ್, ಅಂದ್ರೆ ಬಂಡೆ. ಬಂಡೆ ಯಾಕೆ ಹಳದಿಯಾಯ್ತು ಹೇಳು?"

ಶಬಾನಾ ಅಳುತ್ತಲೇ ನಕ್ಕಳು. ಸೂಪಿನ ಡಬ್ಬಿ ಎಳೆದುಕೊಂಡಳು.

ಮರುದಿನ ಮಗುವಿನ ರಕ್ತದಲ್ಲಿ ಪಿತ್ತದ ಅಂಶ ಇಳಿದಿತ್ತು. ಭಾನುವಾರ ಮನೆಗೆ ಕಳಿಸಿದರು. ಶಬಾನಾ ಮೈಸೂರಿಗೆ ಫೋನ್ ಮಾಡಿ, "ಜರೀನಾನೇ, ಅತ್ತೆ," ಎಂದಳು.

"ಹಾಲು ಕುಡೀತಾಳಾ?"

"ಚೆನ್ನಾಗಿ ಕುಡೀತಾಳೆ."

"ಹಾಗಾದ್ರೆ ಇರ್ಲಿ ಬಿಡು. ನಿಮ್ಮಮ್ಮಿ ಹಾಗೆ ಹಟಮಾರಿ ಆಗದಿದ್ರೆ ಸಾಕು."

ಸೋಮವಾರ ನಾವು ಹಿಂತಿರುಗಿದೆವು. ಫ್ರಿಜ್ಜಿನ ಅಕ್ಕಿ ಹುಳಿ ವಾಸನೆ ಹೊಡೆಯುತ್ತಿತ್ತು, ಹಾಲೂ ಕೆಟ್ಟಿತ್ತು. ಎರಡನ್ನೂ ಚೆಲ್ಲಿ, ಪಾತ್ರೆ ತಿಕ್ಕಿ, ಹೊಸದಾಗಿ ಅಕ್ಕಿ ನೆನೆಹಾಕಿದೆ. ಈ ಸಲ ಕೇಸರಿ ಒಂದೆರಡು ಎಳೆ ಜಾಸ್ತಿಯೇ ಹಾಕಿದೆ.