ಸುಗರಾ ಆರಿಸಿಕೊಟ್ಟ ಬಿಟ್

ಬೆಳಗಿನ ಆರು ಗಂಟೆ. ಇಳಕಲ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದ ಮೊದಲ ಪಾತ್ರೆ ಇನ್ನೂ ಕುದಿಗೆ ಬಂದಿಲ್ಲ. ಹಾರ್ಡ್‌ವೇರ್ ಅಂಗಡಿಯ ಷಟರ್ ಅರ್ಧ ಎತ್ತಿದೆ. ಅದರ ಮುಂದಿನ ಕಟ್ಟೆಯ ಮೇಲೆ ಸುಗರಾ ಗೋಣಿತಾಟು ಹಾಸಿ ಕೂತು, ಖಾನೆ ಖಾನೆಯ ಮರದ ಪೆಟ್ಟಿಗೆಯನ್ನು ಬಿಚ್ಚುತ್ತಾರೆ. ಒಂದೊಂದು ಖಾನೆಯಲ್ಲಿ ಒಂದೊಂದು ಜಾತಿಯ ಬಿಟ್, ಮಷಿನ್ನಿನ ಬಾಯಿಗೆ ಸಿಕ್ಕಿಸಿ ಸ್ಕ್ರೂ ತಿರುಗಿಸುವ ಉಕ್ಕಿನ ಕಡ್ಡಿ: ಕಿರುಬೆರಳಿನಷ್ಟು ಉದ್ದದವು, ಗೇಣುದ್ದದವು, ಪ್ಲಸ್ ಮೂತಿಯವು, ನಕ್ಷತ್ರದ ಮೂತಿಯವು, ತಗಡಿನ ಸ್ಕ್ರೂ ಕಚ್ಚುವ ಬಟ್ಟಲು ಬಾಯಿಯವು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮುಖ ಎತ್ತುವಷ್ಟರಲ್ಲಿ ಎದುರಿಗೆ ನಾಲ್ಕೈದು ಬೈಕುಗಳು ನಿಂತಾಗಿದೆ.

"ಇವತ್ತ ಎಲ್ಲಿ ಕೆಲಸ?"

"ಹುನಗುಂದದಾಗ್ರಿ ಅಕ್ಕಾರ. ಅಡಗಿಮನಿ ಕಪಾಟ," ಎನ್ನುತ್ತಾನೆ ಅಮಾತೆಪ್ಪ. ಈ ಕಸುಬಿಗೆ ಬಂದು ಅವನಿಗೆ ಎರಡೇ ವರ್ಷ.

"ಸ್ಕ್ರೂ ತೋರಸು."

ಅಂಗಿಯ ಕಿಸೆಯಿಂದ ಅವನು ಒಂದು ಸ್ಕ್ರೂ ತೆಗೆದು ಕೊಡುತ್ತಾನೆ. ಸುಗರಾ ಅದರ ತಲೆಯನ್ನು ಬೆಳಕಿಗೆ ಹಿಡಿಯುತ್ತಾರೆ. "ಪ್ಲಸ್ಸಿನ ಸಂದ್ಯಾಗ ನಾಕು ಸಣ್ಣ ಗೆರಿ ಅದಾವು, ನೋಡೀ? ಅಂದ್ರ ಇದು ಬ್ಯಾರೆ ಜಾತಿ. ಹಗೂರ ನಿನ್ನ ಹಳೇ ಬಿಟ್ ಇದರಾಗ ಇಡು." ಅಮಾತೆಪ್ಪ ಇಡುತ್ತಾನೆ. ಸ್ಕ್ರೂ ಬಿಟ್ಟಿನ ತುದಿಗೆ ಅಂಟಿಕೊಂಡು ನಿಲ್ಲುತ್ತದೆ. ಅವನ ಮುಖ ಅರಳುತ್ತದೆ. ಸುಗರಾ ಬೆರಳ ತುದಿಯಿಂದ ಸ್ಕ್ರೂ ಮುಟ್ಟಿದರೆ ಅದು ಹಾಲುಹಲ್ಲಿನಂತೆ ಅಲುಗಾಡುತ್ತದೆ. "ಚುಂಬಕ ಹಿಡದೈತಿ ಅಂದ್ರ ಜೋಡಿ ಕೂಡೇತಿ ಅಂತಲ್ಲೋ ತಮ್ಮಾ," ಎಂದು ಬೇರೆ ಖಾನೆಯಿಂದ ಒಂದು ಬಿಟ್ ಆರಿಸಿ ಸ್ಕ್ರೂವಿಗೆ ಕೂಡಿಸುತ್ತಾರೆ. ಈ ಸಲ ಅದು ಅಲುಗುವುದಿಲ್ಲ. "ಈಗ ಚಾಳೀಸ ತೋರಸು." ಕಣ್ಣು ಕಾಯುವ ಕನ್ನಡಕ, ಅಂದರೆ ಚಾಳೀಸು, ಇಲ್ಲದವರಿಗೆ ಸುಗರಾ ಬಿಟ್ ಕೊಡುವುದಿಲ್ಲ. ಅಮಾತೆಪ್ಪ ಬೈಕಿನ ಚೀಲ ತಡಕಿ ತೋರಿಸಿದ ಮೇಲೆಯೇ ಅದು ಅವನ ಕೈ ಸೇರುತ್ತದೆ.

ಬೆಳಗಿನ ಎರಡೂವರೆ ತಾಸಿನಲ್ಲಿ ಇಂಥ ಮೂವತ್ತು ನಲವತ್ತು ಫಿಟ್ಟರುಗಳು ಈ ಕಟ್ಟೆಯ ಮುಂದೆ ಹಾದುಹೋಗುತ್ತಾರೆ. ತಗಡಿನ ಛಾವಣಿ ಹಾಕುವವರು, ಬಾಗಿಲು ಕೂಡಿಸುವವರು, ಗ್ರಾನೈಟ್ ಕಾರ್ಖಾನೆಗಳಲ್ಲಿ ಕಟ್ಟಿಗೆಯ ಪೆಟ್ಟಿಗೆ ಕಟ್ಟುವವರು. ಎಲ್ಲರ ಕೈಯಲ್ಲೂ ಇಂಪ್ಯಾಕ್ಟ್ ಡ್ರೈವರ್ ಎಂಬ ಬ್ಯಾಟರಿ ಮಷಿನ್. ನೋಡಲು ಸಣ್ಣದು, ಆದರೆ ತಿರುಗಿಸುತ್ತಲೇ ಒಳಗೊಳಗೆ ಸುತ್ತಿಗೆಯ ಹಾಗೆ ಬಡಿಯುತ್ತದೆ. ಆ ಬಡಿತ ತಡೆಯದ ಬಿಟ್ ಹಾಕಿದರೆ ತುದಿ ಚೂರಾಗಿ ಎಲ್ಲಿಗೆ ಬೇಕಾದರೂ ಸಿಡಿಯಬಹುದು.

ಸುಗರಾಗೆ ಇದನ್ನು ಯಾರೂ ಪುಸ್ತಕ ತೆರೆದು ಕಲಿಸಲಿಲ್ಲ.

ನಲವತ್ತಾರು ವರ್ಷದ ಸುಗರಾ ಮೊದಲು ಮಗ್ಗದ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ಗಂಡ ದಸ್ತಗೀರಸಾಬ ಬಡಿಗತನದಲ್ಲಿ ಇಪ್ಪತ್ತು ವರ್ಷ ಪಳಗಿದ ಕೈ. ಏಳು ವರ್ಷದ ಹಿಂದೆ ಅವರು ಹುರುಪಿನಿಂದ ಒಂದು ಬ್ಯಾಟರಿ ಮಷಿನ್ ತಂದರು. ಮನೆಯಲ್ಲಿ ಹಳೇ ಡ್ರಿಲ್ಲಿನ ಬಿಟ್‌ಗಳು ಬೇಕಾದಷ್ಟಿದ್ದವು, ಅವನ್ನೇ ಸಿಕ್ಕಿಸಿದರು. ಮೂರನೆಯ ದಿನ ಒಂದು ಮನೆಯ ತೇಗದ ಬಾಗಿಲಿಗೆ ಬಿಜಾಗರಿ ಕೂಡಿಸುವಾಗ ಬಿಟ್ಟಿನ ತುದಿ ಮುರಿದು ಬಲಗಣ್ಣಿಗೆ ಬಡಿಯಿತು. ಬಾಗಲಕೋಟೆಯ ದವಾಖಾನೆ, ಆಮೇಲೆ ಹುಬ್ಬಳ್ಳಿಯ ದವಾಖಾನೆ. ಕಣ್ಣು ಉಳಿಯಲಿಲ್ಲ.

ಮಷಿನ್ ಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟ ಸೇರಿತು. ಉಳಿದೊಂದು ಕಣ್ಣು ಚೆನ್ನಾಗಿಯೇ ಇತ್ತು, ಕೈ ಎರಡೂ ಗಟ್ಟಿಯಾಗಿದ್ದವು. ಆದರೆ ದಸ್ತಗೀರಸಾಬ ಮತ್ತೆ ಹತ್ಯಾರು ಮುಟ್ಟಲಿಲ್ಲ. ಯಾರಾದರೂ ಕೆಲಸಕ್ಕೆ ಕರೆದರೆ "ನನ್ನ ಹಣಿಬರಹ ಇಷ್ಟ" ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು.

"ಹಣಿಬರಹ ಇದ್ರ ಇರ್ಲಿ," ಎನ್ನುತ್ತಾರೆ ಸುಗರಾ. "ಆದ್ರ ಆ ಕಬ್ಬಿಣ ಯಾಕ ಮುರೀತು ಅನ್ನೂದು ನನಗ ಗೊತ್ತಾಗಬೇಕಾಗಿತ್ತು. ಗೊತ್ತಾಗೂತನಾ ನಿದ್ದಿ ಹತ್ತಲಿಲ್ಲ."

ಮುರಿದ ಬಿಟ್ಟನ್ನು ಸೆರಗಿಗೆ ಕಟ್ಟಿಕೊಂಡು ಅವರು ಊರಿನ ಅಂಗಡಿಗಳನ್ನು ಹತ್ತಿಳಿದರು. ಒಬ್ಬರು ನಕ್ಕರು, ಒಬ್ಬರು ಹೊಸದೊಂದನ್ನು ಕೈಗಿಟ್ಟು ಕಳಿಸಿದರು. ಆಗ ಸುಗರಾ ಫಿಟ್ಟರುಗಳನ್ನೇ ಕೇಳತೊಡಗಿದರು: ಮುರಿದದ್ದನ್ನು ಒಗೆಯಬೇಡಿ, ನನಗೆ ಕೊಡಿ. ಹುಚ್ಚಿ ಎಂದವರೂ ಉಂಟು. ಆದರೆ ಕೊಟ್ಟವರು ಬಹಳ. ಯಾವ ಸ್ಕ್ರೂ, ಯಾವ ಕಟ್ಟಿಗೆ, ಯಾವ ಮಷಿನ್, ತುದಿ ಮುರಿಯಿತೋ ಬುಡ ಮುರಿಯಿತೋ, ಎಲ್ಲವನ್ನೂ ಸುಗರಾ ಕೇಳಿ ತಿಳಿದು ಹೇಳುತ್ತಿದ್ದರು, ಮಗಳು ನಿಖತ ಶಾಲೆಯ ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಒಂದೂವರೆ ವರ್ಷದಲ್ಲಿ ಮುನ್ನೂರ ಎಪ್ಪತ್ತು ಮುರಿದ ಬಿಟ್‌ಗಳು ಕೂಡಿದವು.

ರಾಶಿಯನ್ನು ಹರಡಿಕೊಂಡು ನೋಡುತ್ತ ಕೂತಾಗ ವಿಷಯ ತಿಳಿಯತೊಡಗಿತು. ನಡು ದಪ್ಪಗೆ ನೆಟ್ಟಗಿದ್ದ ಬಿಟ್‌ಗಳೇ ಹೆಚ್ಚು ಮುರಿದಿದ್ದವು. ನಡುವಿನಲ್ಲಿ ತುಸು ಸಣ್ಣಗಾಗಿದ್ದವು ಬಹುಮಟ್ಟಿಗೆ ಸವೆದಿದ್ದವೇ ಹೊರತು ಸಿಡಿದಿರಲಿಲ್ಲ. "ನೂಲು ಭಾಳ ಬಿಗದ್ರ ಹರೀತೈತಿ. ಒಂದೀಟು ಬಳಕೂ ಹಂಗ ಇರಬೇಕು. ಇದೂ ಹಂಗ ರೀ. ಮಷಿನ್ ಬಡದಾಗ ಆ ಸಣ್ಣ ನಡು ಒಂಚೂರು ತಿರಿಚಿಕೊಂಡು ಪೆಟ್ಟು ನುಂಗತೈತಿ. ಬರೇ ಗಟ್ಟಿ ಇದ್ರ ಸಾಲಂಗಿಲ್ಲ. ಬಂಗಾರದ ಬಣ್ಣ ಐತಿ ಅಂತ ತಗೊಂಡವ್ರದೂ ಮುರದಾವು, ಕರೀದು ತಗೊಂಡವ್ರದೂ ಮುರದಾವು. ಬಣ್ಣ ಏನೂ ಹೇಳಂಗಿಲ್ಲ."

ಮೊದಲು ನಕ್ಕಿದ್ದ ಅಂಗಡಿಯ ಮಾಲೀಕರೇ ಆ ನೋಟ್‌ಬುಕ್ ತಿರುವಿ ಹಾಕಿ, ಮಾರನೆಯ ವಾರ ಬಿಟ್‌ಗಳ ಖಾನೆಯನ್ನು ಅವರಿಗೆ ಒಪ್ಪಿಸಿದರು. ಅಂದಿನಿಂದ ಇದು ಸುಗರಾ ಅವರ ಕಟ್ಟೆ.

ಆದರೆ ಮನೆಯಲ್ಲಿ ಏನೂ ಬದಲಾಗಲಿಲ್ಲ. ಊರಿನ ಫಿಟ್ಟರುಗಳೆಲ್ಲ ಕೇಳುವ ಮಾತನ್ನು ದಸ್ತಗೀರಸಾಬ ಮಾತ್ರ ಕೇಳುತ್ತಿರಲಿಲ್ಲ. ಬಿಟ್ಟಿನ ಹೆಸರೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಸುಗರಾ ಒತ್ತಾಯ ಮಾಡಲಿಲ್ಲ. "ಮುರದ ಸ್ಕ್ರೂ ಹಿಂದಕ ತಿರಗಸೂ ಮುಂದ ಅವಸರ ಮಾಡದ ತಡೀಬೇಕಾಗತೈತಿ. ಮನಷ್ಯಾಂದೂ ಅಷ್ಟ."

ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ ಬಾಗಲಕೋಟೆಯಿಂದ ಫೋನ್ ಬಂತು. ಮಾಡಿದವರು ಪ್ರವೀಣಕುಮಾರ, ಸುಗರಾ ಅವರ ಹೆಸರು ಕೇಳಿದ್ದ ಯಂತ್ರ ದುರಸ್ತಿಯ ಕೆಲಸದವರು. ನವನಗರದ ಖಾಸಗಿ ದವಾಖಾನೆಯೊಂದರಲ್ಲಿ ಕಿಡ್ನಿ ರೋಗಿಗಳ ರಕ್ತ ಶುದ್ಧಿ ಮಾಡುವ ವಿಭಾಗದ ನೀರಿನ ಯಂತ್ರ ನಿಂತಿತ್ತು. ಹೊಸ ಪಂಪು ಕೈಯಲ್ಲೇ ಇತ್ತು. ಆದರೆ ಯಂತ್ರದ ಸ್ಟೀಲ್ ಮುಚ್ಚಳ ಬಿಚ್ಚಲು ಬರುತ್ತಿರಲಿಲ್ಲ. ಹಿಂದೆ ಯಾರೋ ತಪ್ಪು ಬಿಟ್ ಹಾಕಿ ಮಷಿನ್ನಿನಿಂದ ಬಿಗಿದು, ಹದಿನಾಲ್ಕೂ ಸ್ಕ್ರೂಗಳ ತಲೆ ಕೆಡಿಸಿಟ್ಟಿದ್ದರು.

"ಗ್ರೈಂಡರ್ ಹಚ್ಚಿ ಕೊಯ್ರಿ," ಎಂದರು ಸುಗರಾ.

"ಆಗಂಗಿಲ್ರಿ ಅಕ್ಕಾರ. ಕಬ್ಬಿಣದ ಪುಡಿ ನೀರಿನ್ಯಾಗ ಬಿದ್ರ ಪೇಷಂಟ್‌ಗೆ ಅಪಾಯ ಅಂತ ಡಾಕ್ಟರು ಮುಟ್ಟಗೊಡವಲ್ರು. ಒಂಬತ್ತು ಮಂದಿ ಕುಂತಾರ. ಒಬ್ಬ ಅಜ್ಜಿಗೆ ನಿನ್ನೇನ ರಕ್ತ ಶುದ್ಧಿ ಆಗಬೇಕಾಗಿತ್ತು."

ಸುಗರಾ ಪೆಟ್ಟಿಗೆ ಹೆಗಲಿಗೇರಿಸಿದರು. ಅಷ್ಟು ದೂರ ಹೆಂಡತಿ ಒಬ್ಬಳೇ ಭಾರ ಹೊತ್ತು ಹೋಗುವುದು ಬೇಡ ಎಂದು ದಸ್ತಗೀರಸಾಬ ತಾವೂ ಚಪ್ಪಲಿ ಮೆಟ್ಟಿದರು. ಹುನಗುಂದ, ಅಮೀನಗಡ ದಾಟಿ ಬಸ್ಸು ಬಾಗಲಕೋಟೆ ಮುಟ್ಟುವಾಗ ಹತ್ತು ಗಂಟೆಯಾಗಿತ್ತು.

ದವಾಖಾನೆಯ ಪಡಸಾಲೆಯ ಬೆಂಚಿನ ಮೇಲೆ ಗುರುಲಿಂಗವ್ವ ಕೂತಿದ್ದರು, ಪ್ರವೀಣಕುಮಾರ ಹೇಳಿದ ಅಜ್ಜಿ. ಕಾಲು ಬಾತಿದ್ದವು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಸುಗರಾ ಅವರ ಹೆಗಲ ಮೇಲಿನ ಪೆಟ್ಟಿಗೆ ನೋಡಿ, "ನೀನ ಏನವ್ವಾ ಅದನ್ನ ಬಿಚ್ಚಾಕಿ?" ಎಂದು ಕೇಳಿದರು. "ನೋಡ್ತೇನ್ರಿ ಅಮ್ಮಾರ," ಎಂದಷ್ಟೇ ಹೇಳಿ ಸುಗರಾ ಒಳಗೆ ಹೋದರು.

ಮೊದಲ ಮಾತೇ, "ಮಷಿನ್ ಬಾಜೂಕ ಇಡ್ರಿ." ಕೆಟ್ಟ ತಲೆಗೆ ಮಷಿನ್ ಹಚ್ಚಿದರೆ ಇದ್ದಬದ್ದ ಅಂಚೂ ಹೋಗುತ್ತದೆ. ಬ್ಯಾಟರಿ ಬೆಳಕಿನಲ್ಲಿ ಒಂದೊಂದೇ ಸ್ಕ್ರೂ ನೋಡಿದರು. ಅಂಚು ಅಷ್ಟಿಷ್ಟು ಉಳಿದವಕ್ಕೆ ಸರಿಜೋಡಿಯ ಹೊಸ ಬಿಟ್ ಆರಿಸಿ ಹಿಡಿಕೆಗೆ ಹಾಕಿಕೊಟ್ಟರು. ಪ್ರವೀಣಕುಮಾರ ಮೈಭಾರ ಹಾಕಿ ಒತ್ತಿ, ಕೈಯಿಂದಲೇ ತಿರುಗಿಸಿದರು. ಒಂಬತ್ತು ಬಂದವು. ತೂತು ದುಂಡಗಾದ ಮೂರಕ್ಕೆ, ಒಂದು ಅಳತೆ ದೊಡ್ಡದಾದ ನಕ್ಷತ್ರ ಮೂತಿಯ ಬಿಟ್ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂಡಿಸಿದರು. ಅವೂ ಬಂದವು. ಹದಿಮೂರನೆಯದು ಇಡೀ ಅರ್ಧ ತಾಸು ಸತಾಯಿಸಿ ಬಂತು.

ಕೊನೆಯದು ಜಪ್ಪಯ್ಯ ಅನ್ನಲಿಲ್ಲ. ಅದು ಪೈಪುಗಳ ಸಂದಿಯಲ್ಲಿತ್ತು. ನೀರಿನ ಉಪ್ಪು ಕಟ್ಟಿ ಕಲ್ಲಾಗಿತ್ತು. ಕೈಯ ಬಲ ಸಾಲದು, ಬಡಿತವೇ ಬೇಕು, ಅಂದರೆ ಮಷಿನ್ನೇ ಬೇಕು. ಗಿಡ್ಡ ಬಿಟ್ ಅಲ್ಲಿಗೆ ಮುಟ್ಟುವುದಿಲ್ಲ, ಜೋಡಿಸಿ ಉದ್ದ ಮಾಡಿದರೆ ಅಲುಗುತ್ತದೆ. ಸುಗರಾ ಪೆಟ್ಟಿಗೆಯ ತಳದಿಂದ ಗೇಣುದ್ದದ, ನಡು ಸಣ್ಣಗಿನ, ಒಂದೇ ತುಂಡಿನ ಬಿಟ್ಟೊಂದನ್ನು ತೆಗೆದರು. ಅದರ ಪಾಕೀಟು ಇನ್ನೂ ಒಡೆದಿರಲಿಲ್ಲ.

ಪ್ರವೀಣಕುಮಾರ ಒಮ್ಮೆ ಮಷಿನ್ ಹಿಡಿದು ಇಳಿಸಿದರು. "ಅಕ್ಕಾರ, ಮುಂಜಾನಿಯಿಂದ ಒತ್ತಿ ಒತ್ತಿ ಕೈ ಸೋತಾವ್ರಿ. ಸೊಟ್ಟ ಹಿಡದ್ರ ಇದ್ದದ್ದೂ ಹೋಗತೈತಿ."

ಹೊರಗೆ ಗುರುಲಿಂಗವ್ವನ ಕೆಮ್ಮು ಕೇಳಿಸುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ದಸ್ತಗೀರಸಾಬ ಒಳಗೆ ಬಂದರು. ಹೆಂಡತಿಯ ಕೈಯಲ್ಲಿದ್ದ ಬಿಟ್ ನೋಡಿದರು.

"ಇದು ಯಾವಾಗ ತಂದಿ?"

"ನಾಕ ವರ್ಷ ಆತು. ನಿಮಗಂತ ತಗದಿಟ್ಟಿದ್ದೆ."

"ಮುರೀತೈತೇನ?"

"ಎಂಥಾ ಕಬ್ಬಿಣನೂ ಮುರಿಯಬಹುದ್ರಿ. ಆದ್ರ ಇದನ್ನ ನಾ ನೋಡಿ ಆರಿಸೇನಿ."

ಅವರು ಸುಗರಾ ಚಾಚಿದ ಚಾಳೀಸನ್ನು ತೆಗೆದುಕೊಂಡು ಹಾಕಿಕೊಂಡರು. ಮಷಿನ್ ಎತ್ತಿದರು. ಆರು ವರ್ಷದ ಮೇಲೆ. ಬಿಟ್ಟನ್ನು ಸ್ಕ್ರೂವಿಗೆ ನೆಟ್ಟಗೆ ಕೂಡಿಸಿ, ಎದೆಯಿಂದ ಭಾರ ಬಿಟ್ಟು, ಗುಂಡಿಯನ್ನು ಉಗುರಿನಷ್ಟೇ ಒತ್ತಿದರು. ಟಕ್ ಟಕ್ ಎಂದು ಎರಡು ಪೆಟ್ಟು, ನಿಲುಗಡೆ. ಮತ್ತೆ ಎರಡು ಪೆಟ್ಟು. ಸುಗರಾ ತಮ್ಮ ಕಣ್ಣು ಮುಚ್ಚಿಕೊಂಡಿದ್ದರಂತೆ. "ನೋಡಾಕ ಧೈರ್ಯ ಬರ್ಲಿಲ್ಲ. ಸಪ್ಪಳ ಕೇಳೇ ತಿಳಕೊಂಡೆ. ಐದನೇ ಸಲಕ್ಕ ಸಪ್ಪಳ ಮೆತ್ತಗಾತು. ಬಂತು ಅಂದ್ಕೊಂಡೆ."

ಸ್ಕ್ರೂ ಬಂದಿತ್ತು. ಬಿಟ್ಟಿನ ತುದಿಗೆ ಗೀರೂ ಬಿದ್ದಿರಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಹೊಸ ಪಂಪು ಕೂತಿತು. ನೀರು ತೊಳೆದು ಪರೀಕ್ಷೆ ಮಾಡಿ, ನಾಲ್ಕಕ್ಕೆ ಗುರುಲಿಂಗವ್ವನನ್ನೇ ಮೊದಲು ಒಳಗೆ ಕರೆದುಕೊಂಡರು. ಗಾಲಿಕುರ್ಚಿಯಲ್ಲಿ ಹೋಗುವಾಗ ಅಜ್ಜಿ ದಸ್ತಗೀರಸಾಬರ ಕೈ ಹಿಡಿದು, "ನಿನ್ನ ಕೈಗೆ ಪುಣ್ಯ ಬರಲೆಪ್ಪಾ" ಎಂದರು. ಅವರು ಹೆಂಡತಿಯ ಕಡೆ ತಿರುಗಿ, "ಆಕೀದ್ರಿ, ನಂದಲ್ಲ," ಎಂದರು. ತಿರುಗಿ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ದಸ್ತಗೀರಸಾಬ ಇಳಿದು ಹೋಗಿ, ನಿಖತಳಿಗೆಂದು ಕರದಂಟು ಕಟ್ಟಿಸಿಕೊಂಡು ಬಂದರು.

ಆ ವಾರವೇ ಮಷಿನ್ ಅಟ್ಟದಿಂದ ಇಳಿಯಿತು. ಈಗ ದಸ್ತಗೀರಸಾಬ ಮತ್ತೆ ಬಾಗಿಲು ಕಿಟಕಿಯ ಕೆಲಸ ಹಿಡಿದಿದ್ದಾರೆ. ಒಂದೇ ಕಣ್ಣಿನಿಂದ ಅಂತರ ಅಳೆಯುವುದು ಮೊದಲು ಕಷ್ಟವಾಯಿತು. ಬೆರಳಿಂದ ಮುಟ್ಟಿ ನೋಡಿ ಕೂಡಿಸುವುದನ್ನು ರೂಢಿಸಿಕೊಂಡಿದ್ದಾರೆ. ಏಣಿಯ ಮೇಲಿನ ಕೆಲಸ ಒಪ್ಪಿಕೊಳ್ಳುವುದಿಲ್ಲ. ಬೆಳಿಗ್ಗೆ ಉಳಿದ ಫಿಟ್ಟರುಗಳ ಜೊತೆ ಅವರೂ ಕಟ್ಟೆಯ ಮುಂದೆ ಪಾಳಿ ಹಚ್ಚುತ್ತಾರೆ. ಗಂಡನೆಂದು ಸುಗರಾ ರಿಯಾಯಿತಿ ಕೊಡುವುದಿಲ್ಲ. "ಸ್ಕ್ರೂ ತೋರಸ್ರಿ," ಎಂದು ಅವರಿಗೂ ಹೇಳುತ್ತಾರೆ. ಪಾಳಿಯಲ್ಲಿದ್ದವರು ಮುಸಿಮುಸಿ ನಗುತ್ತಾರೆ, ಅವರೂ ನಗುತ್ತಾರೆ.

ಮುಂದಿನ ತಿಂಗಳು ಸುಗರಾ ಬಾದಾಮಿಗೆ ಹೊರಟಿದ್ದಾರೆ. ಅಲ್ಲಿ ಹದಿನೆಂಟು ಹೆಣ್ಣುಮಕ್ಕಳು ಮನೆಗಳ ಮೇಲೆ ಸೌರಫಲಕ ಕೂಡಿಸುವ ಕೆಲಸ ಕಲಿಯುತ್ತಿದ್ದಾರೆ. ಅವರ ಗುಂಪನ್ನು ನಡೆಸುವ ಬಸವೇಶ್ವರಿ ಫೋನ್ ಮಾಡಿ, ಬಿಟ್ ಬಗ್ಗೆ ಒಂದು ತಾಸು ಭಾಷಣ ಮಾಡಬೇಕು, ಸನ್ಮಾನವೂ ಇದೆ ಎಂದರಂತೆ. ಸುಗರಾ ಮೈಕು ಬೇಡ, ಶಾಲು ಬೇಡ ಎಂದು ಹೇಳಿದ್ದಾರೆ. ಕೇಳಿಕೊಂಡಿರುವುದು ಬೇರೆಯೇ.

"ಹದಿನೆಂಟು ಹಲಗಿ ಇಡ್ರಿ, ಎಲ್ಲಾ ನಮೂನಿ ಸ್ಕ್ರೂ ಒಂದ ರಾಶಿ ಹಾಕ್ರಿ ಅಂದೇನಿ. ಅವ್ರ ಆರಿಸ್ಲಿ, ಅವ್ರ ತಿರಗಸ್ಲಿ. ನಾ ಬಾಜೂಕ ನಿಂತಿರ್ತೇನಿ. ಸಂಜಿ ಆಗೂದ್ರಾಗ ಯಾವ ಬಿಟ್ ಅಂತ ಕೇಳಾಕ ಒಬ್ಬಾಕೀನೂ ನನ್ನ ಮಾರಿ ನೋಡಬಾರದು ನೋಡ್ರಿ, ಅಷ್ಟಾದ್ರ ಸಾಕು. ನಾ ಹೋಗಿದ್ದಕ್ಕೂ ಸಾರ್ಥಕ."