ಬಂದೂಕಿನ ಮೇಲೆ ಮನಸ್ಸು

ಐವತ್ತು ದಾಟಿದ ಹೆಂಗಸಿಗೆ ಯಾವುದರ ಮೇಲೆ ಮನಸ್ಸಾಗಬೇಕು ಎಂಬುದಕ್ಕೆ ನಮ್ಮ ಕಡೆ ಒಂದು ಕಟ್ಟಳೆಯಿದೆ. ಇಳಕಲ್ ಸೀರೆಯಾಗಬಹುದು, ಪಾಟಲಿ ಬಳೆಯಾಗಬಹುದು, ಹೆಚ್ಚೆಂದರೆ ಕಾಶಿಯಾತ್ರೆ. ನನಗೆ ಮನಸ್ಸಾದದ್ದು ಬಂದೂಕಿನ ಮೇಲೆ. ಅದೂ ಗೋಡೆಗೆ ನೇತುಹಾಕಿ ಅಜ್ಜನ ಹೆಸರು ಹೇಳುವಂಥದ್ದಲ್ಲ. ಹೊಟ್ಟೆಯ ಕೆಳಗೆ ಡಬ್ಬಿಯಂಥ ಮ್ಯಾಗಝೀನು ಸಿಕ್ಕಿಸಿದರೆ ಸಾಕು, ಒಂದು ಗುಂಡು ಹಾರಿದ ಕೂಡಲೇ ಮುಂದಿನ ಕಾಡತೂಸನ್ನು ತಾನೇ ಏರಿಸಿಕೊಂಡು ಸಿದ್ಧವಾಗುವ ಅರೆ ಸ್ವಯಂಚಾಲಿತ ಶಾಟ್‌ಗನ್ನು.

ಈ ಸಂಗತಿಯನ್ನು ನಾನು ಮೊದಲು ಹೇಳಿದ್ದು ರಾತ್ರಿಯೂಟದ ಹೊತ್ತಿಗೆ. ನಮ್ಮವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಬೆಳಗಾವಿಯ ರವಿವಾರ ಪೇಟೆಯಲ್ಲಿ ಮೊಳೆ, ತಂತಿ, ಬೀಗಗಳ ಸಗಟು ವ್ಯಾಪಾರ ಮಾಡುವ ಮನುಷ್ಯ ಅವರು. ಭದ್ರತೆಯೆಂದರೆ ಅವರ ಲೆಕ್ಕದಲ್ಲಿ ಬೀಗ. ದೊಡ್ಡ ಭದ್ರತೆಯೆಂದರೆ ದೊಡ್ಡ ಬೀಗ. ಅವರು ಮಾತಾಡುವ ಮೊದಲೇ ನಮ್ಮ ಅತ್ತೆ ಆಸೆಯಿಂದ ಕೇಳಿದರು, "ಮ್ಯಾಗಝೀನ್ ತರಸ್ತಿ ಏನವಾ? ಅದರಾಗ ಧಾರಾವಾಹಿ ಬರ್ತೈತೇನು?"

ಅತ್ತೆಗೆ ಎಂಬತ್ತರ ಆಸುಪಾಸು. ಓದುವ ಹುಚ್ಚು ಇನ್ನೂ ಹೋಗಿಲ್ಲ, ನೆನಪು ಮಾತ್ರ ಈಚೆಗೆ ಬೇಕಾದಾಗ ಬರುತ್ತದೆ, ಬೇಡವಾದಾಗ ಎದ್ದು ಹೋಗುತ್ತದೆ. ಬಂದೂಕಿನ ಮ್ಯಾಗಝೀನೆಂದು ತಿಳಿಸಿ ಹೇಳಿದೆ. "ಧಾರಾವಾಹಿ ಇಲ್ಲಂದ್ರ ಯಾಕ ಬೇಕು?" ಎಂದು ಅವರು ಮಜ್ಜಿಗೆಗೆ ಕೈ ಚಾಚಿದರು. ಮನೆಯ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ.

ಇದರ ಬೀಜ ಬಿದ್ದದ್ದು ಕಾಲೇಜಿನಲ್ಲಿ. ಎನ್‌ಸಿಸಿಯಲ್ಲಿ ಪಾಯಿಂಟ್ ಟೂಟೂ ರೈಫಲ್ ಹಿಡಿದು ನೆಲಕ್ಕೆ ಮಲಗಿ ಗುರಿಯಿಡುವಾಗ ಸಿಗುತ್ತಿದ್ದ ಒಂದು ನಿಶ್ಶಬ್ದವಿತ್ತು. ಕೆನ್ನೆಗೆ ತಾಗಿದ ಮರದ ತಂಪು, ಅರ್ಧ ಬಿಟ್ಟು ಹಿಡಿದ ಉಸಿರು, ಜಗತ್ತೆಲ್ಲ ಒಂದು ಕಪ್ಪು ಚುಕ್ಕೆಯಾಗಿ ಕೂತುಬಿಡುವ ಆ ಗಳಿಗೆ. ಆಮೇಲೆ ಮದುವೆ, ಮಕ್ಕಳು, ಅಂಗಡಿಗೆ ಹೋಗುವ ಡಬ್ಬಿಗಳು. ಯಾರೂ ನನ್ನನ್ನು ತಡೆಯಲಿಲ್ಲ. ತಡೆಯುವಷ್ಟು ಜೋರಾಗಿ ನಾನು ಕೇಳಿರಲೂ ಇಲ್ಲ. ಆದರೆ ಒಲೆಯ ಮುಂದೆ ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ ಎಷ್ಟೋ ಸಲ ಉಸಿರು ತಾನಾಗಿ ಅರ್ಧಕ್ಕೆ ನಿಲ್ಲುತ್ತಿತ್ತು. ಹಾಲು ಉಕ್ಕುತ್ತಿತ್ತು.

ಹೋದ ವರ್ಷ ಹಳೆಯ ಗೆಳತಿ ಶಾಲಿನಿ ಸಿಕ್ಕಳು. ಅವಳು ಗಂಡನ ಜತೆ ಊರೂರು ಸುತ್ತಿ ಬಂದು ಬೆಳಗಾವಿಯಲ್ಲಿ ನೆಲೆ ನಿಂತಿದ್ದಾಳೆ. ಕಾಕತಿ ದಾಟಿ ಒಳಗೆ ಹೋದರೆ ಗುಡ್ಡದ ಬುಡದಲ್ಲಿ ಒಂದು ಬಯಲಿದೆ, ಅಲ್ಲಿ ಮಣ್ಣಿನ ಬಿಲ್ಲೆಗಳನ್ನು ಯಂತ್ರದಿಂದ ಆಕಾಶಕ್ಕೆ ಎಸೆದು ಹೊಡೆಯುವ ಆಟ ನಡೆಯುತ್ತದೆ, ನೋಡಲಿಕ್ಕಾದರೂ ಬಾ ಎಂದು ಕರೆದೊಯ್ದಳು. ಆ ದಿನ ಪುಣೆಯ ಕಡೆಯ ಆಟಗಾರನೊಬ್ಬ ಬಂದಿದ್ದ. ಅವನ ಕೈಯಲ್ಲಿ ನಾನು ಹೇಳಿದ ಈ ಬಂದೂಕು ಇತ್ತು. ಸಾಲಾಗಿ ನಿಲ್ಲಿಸಿದ ಕಬ್ಬಿಣದ ತಟ್ಟೆಗಳನ್ನು ಅವನು ನಡೆಯುತ್ತ ನಡೆಯುತ್ತ ಒಂದೊಂದಾಗಿ ಕೆಡವಿದ. ಬರಿದಾದ ಮ್ಯಾಗಝೀನು ಕೆಳಗೆ ಬಿತ್ತು, ಇನ್ನೊಂದು ಟಪ್ಪೆಂದು ಕೂತಿತು, ಹೆಜ್ಜೆ ನಿಲ್ಲಲೇ ಇಲ್ಲ. ಲಟ್ಟಿಸಿದ್ದು ಮುಗಿಯುವ ಮೊದಲೇ ಮುಂದಿನ ಉಂಡೆಗೆ ಕೈ ಹೋಗುವ ನುರಿತ ರೊಟ್ಟಿಯವಳ ಲಯ ಅದರಲ್ಲಿತ್ತು. ಮನೆಗೆ ಬರುವ ದಾರಿಯಲ್ಲಿ ಶಾಲಿನಿ ಮುಖ ನೋಡಿಯೇ, "ಬಿತ್ತು ಬಿಡು ನಿನಗ ಹುಚ್ಚು" ಎಂದಳು.

ಹುಚ್ಚಿಗೆ ಕಾರಣ ಒದಗಿಸಬೇಕಲ್ಲ! ಖಾನಾಪುರ ತಾಲೂಕಿನ ಗುಂಜಿಯ ಹತ್ತಿರ ಕಾಡಿನ ಅಂಚಿಗೆ ನಮ್ಮದೊಂದು ಗೇರಿನ ತೋಟವಿದೆ, ಅದರಲ್ಲಿ ಹಂಚಿನ ಚಿಕ್ಕ ಮನೆಯಿದೆ. ಬೇಸಿಗೆಯಲ್ಲಿ ಅತ್ತೆಯನ್ನೂ ಕರೆದುಕೊಂಡು ಅಲ್ಲಿ ಇರುತ್ತೇವೆ. ಗೇರುಹಣ್ಣಿನ ವಾಸನೆಗೆ ಕರಡಿ ಬರುತ್ತದೆ. ಕಳ್ಳರ ಕತೆಗಳಂತೂ ಬೇಕಾದಷ್ಟು. "ಆಟಕ್ಕೂ ಆತು, ಮನಿ ಕಾಯಾಕೂ ಆತು" ಎಂದು ನಮ್ಮವರ ಮುಂದೆ ವಾದ ಹೂಡಿದೆ. ಒಂದೇ ವಸ್ತುವಿನಿಂದ ಎರಡು ಉಪಯೋಗವೆಂದರೆ ವ್ಯಾಪಾರಿಯ ಮನಸ್ಸು ಕರಗುತ್ತದೆಂದು ನನ್ನ ಲೆಕ್ಕ. ಅವರು, "ಬಾಗಿಲಿಗೆ ಇನ್ನೊಂದು ಅಗಳಿ ಹಾಕಸ್ತೀನಿ" ಎಂದರು.

ಅಷ್ಟರಲ್ಲಿ ನಾನು ಮೊಬೈಲಿನಲ್ಲಿ ಪಂಡಿತಳಾಗಿದ್ದೆ. ಹಾರಿದ ಗುಂಡಿನ ಹೊಗೆಯ ಒತ್ತಡದಿಂದ ಓಡುವ ಬಂದೂಕು ಭುಜಕ್ಕೆ ಮೆತ್ತಗೆ ಒದೆಯುತ್ತದೆ, ಆದರೆ ಪದೇ ಪದೇ ತೊಳೆಸಿಕೊಳ್ಳುತ್ತದೆ. ಒದೆತದ ಬಲದಿಂದಲೇ ಓಡುವುದು ಸ್ವಚ್ಛ, ಆದರೆ ಒರಟು. ಸಂಬಂಧ ನೋಡುವವರ ಹಾಗೆ ಇವುಗಳ ಗುಣದೋಷಗಳನ್ನು ಮನಸ್ಸಿನಲ್ಲೇ ತೂಗುತ್ತಿದ್ದೆ. ಬಂದೂಕು ಎಂಬ ಮಾತಿನ ಬೆನ್ನು ಹತ್ತಿದೆ. ದಕ್ಷಿಣದವರು ಕೋವಿ ಎನ್ನುತ್ತಾರೆ, ಹಳಬರು ತುಪಾಕಿ ಎನ್ನುತ್ತಿದ್ದರು. ಬಂದೂಕು ಮಾತ್ರ ಅರಬ್ಬರ ಕಡೆಯಿಂದ ಬಂದದ್ದು, ಮೂಲದಲ್ಲಿ ಅದು ದುಂಡನೆಯ ಒಂದು ಬೀಜದ ಹೆಸರಂತೆ. ಗೋಲಿ ಬೀಜದ ಹಾಗಿತ್ತು, ಬೀಜದ ಹೆಸರು ಗೋಲಿಗೆ ಬಂತು, ಗೋಲಿಯ ಹೆಸರು ಕೊಳವೆಗೆ ಅಂಟಿತು. ಗೇರುಬೀಜದ ತೋಟಕ್ಕೆ ಬಂದೂಕು ಹೀಗೆ ದೂರದ ನೆಂಟನೇ ಎಂದು ನಮ್ಮವರಿಗೆ ಹೇಳಿದೆ. ನೆಂಟರು ಬಂದರೆ ಎರಡು ದಿನ ಇದ್ದು ಹೋಗುತ್ತಾರೆ ಎಂಬುದು ಅವರ ಉತ್ತರ.

ಒಂದು ಮಧ್ಯಾಹ್ನ ದಂಡಿನ ಕ್ಯಾಂಪಿನ ಕಡೆಯ ಬಂದೂಕಿನ ಅಂಗಡಿಗೆ ಒಬ್ಬಳೇ ಹೋದೆ. ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು.

"ಬರ್ರಿ ಬಾಯಾರ, ಕುಂದರ್ರಿ. ಸಾಹೇಬ್ರು ಹಿಂದ ಬರಾಕತ್ತಾರೇನ್ರಿ?"

"ಇಲ್ರೀ, ನನಗ ಬೇಕಾಗೇತಿ" ಎಂದು ನನ್ನ ಪಾಂಡಿತ್ಯವನ್ನೆಲ್ಲ ಸುರಿದೆ. ಅವರು ತಾಳ್ಮೆಯಿಂದ ಕೇಳಿದರು.

"ಅಂಥಾದ್ದರ ಲೈಸೆನ್ಸು ನಮ್ಮಂಥವರಿಗೆ ಸರಳ ಸಿಗೂದಿಲ್ರೀ. ಆಟಗಾರ್ರಿಗೆ ಕಾಯ್ದೆ ಬ್ಯಾರೆ ಐತಿ. ಬ್ಯಾರೆ ಯಾವುದಾರ ತಗೊಂಡ್ರೂ ಇಲೆಕ್ಷನ್ ಬಂತಂದ್ರ ಠಾಣೇಕ ಒಪ್ಪಿಸಬೇಕು, ತವರಿಗೆ ಕಳಿಸಿದಂಗ. ಅದು ಇರಲಿ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆಟಕ್ಕ ಉದ್ದ ನಳಿಗಿ ಬೇಕು, ಮನಿಗೆ ಗಿಡ್ಡ ಇದ್ರ ಚಲೋ. ಆಟದ್ದು ಖಾಲಿ ಮಾಡಿ ಬೀಗ ಹಾಕಿ ಇಡೂದು. ಮನಿ ಕಾಯೂದು ತುಂಬಿಸಿ ಕೈಗೆ ಸಿಗೂವಂಗ ಇಡಬೇಕು. ಎರಡನ್ನೂ ಒಂದರಾಗ ಹೆಂಗ ಕೂಡಸ್ತೀರಿ?"

"ನೋಡೂಣ್ರಿ" ಎಂದು ಎದ್ದು ಬಂದೆ. ಸಿಟ್ಟಾಗಬೇಡಿ ಎಂದಿದ್ದರೂ ಸಿಟ್ಟು ಬಂದಿತ್ತು.

ಆ ಬೇಸಿಗೆ ಗುಂಜಿಯ ಮನೆಯಲ್ಲಿದ್ದೆವು. ನಮ್ಮವರು ನಿಪ್ಪಾಣಿಯಿಂದ ಬರುವ ತಮ್ಮ ಅಕ್ಕನನ್ನು ಕರೆತರಲು ಖಾನಾಪುರದ ಬಸ್‌ಸ್ಟ್ಯಾಂಡಿಗೆ ಹೋಗಿದ್ದರು. ದೀಪ ಹಚ್ಚುವ ಹೊತ್ತು, ಕರೆಂಟು ಹೋಗಿತ್ತು. ಅತ್ತೆ ಮುಂದಿನ ಕೋಣೆಯಲ್ಲಿ ಮಲಗಿದ್ದರು. ಬಾಜೂ ತೋಟದ ಪರಶುರಾಮ ಅದೇ ಬೆಳಿಗ್ಗೆ ಬಂದು, "ವೈನಿ, ಆಸ್ವಲ್ ಅಡ್ಡಾಡಾಕತ್ತೇತ್ರಿ, ಹಿತ್ತಲ ಬಾಗಿಲಾ ಹಾಕ್ಕೋರಿ" ಎಂದು ಹೇಳಿ ಹೋಗಿದ್ದ. ಅವನ ಮರಾಠಿಯಲ್ಲಿ ವೈನಿ ಎಂದರೆ ಅತ್ತಿಗೆ, ಆಸ್ವಲ್ ಎಂದರೆ ಕರಡಿ.

ನಾನು ಅಡುಗೆಮನೆಯಲ್ಲಿದ್ದೆ. ಹಿತ್ತಲ ಬಾಗಿಲು ಅಲುಗಾಡಿತು. ಸುಮ್ಮನಾಯಿತು. ಮತ್ತೆ, ಈ ಸಲ ಯಾರೋ ಭುಜ ಕೊಟ್ಟು ನೂಕಿದ ಹಾಗೆ.

"ಯಾರದು?" ಎಂದೆ. ಹೊರಗೆ ತರಗೆಲೆಯ ಸಪ್ಪಳ, ದೊಡ್ಡ ಉಸಿರು.

ಆಗ ನನ್ನ ಮೈಗೆ ತಾನಾಗಿ ನೆನಪಾಯಿತು. ಎಡಗಾಲು ಮುಂದೆ ಬಂತು, ಮೊಣಕಾಲು ತುಸು ಬಾಗಿತು, ಬಲಭುಜ ಗಟ್ಟಿಯಾಯಿತು, ಉಸಿರು ಅರ್ಧಕ್ಕೆ ನಿಂತಿತು. ಕೈಯಲ್ಲಿ ಇದ್ದದ್ದು ಲಟ್ಟಣಿಗೆ. ಆದರೆ ಮನಸ್ಸಿನಲ್ಲಿ ಆ ಬಂದೂಕು ಇತ್ತು, ತುಂಬಿದ ಮ್ಯಾಗಝೀನಿನ ಸಮೇತ. ಬಾಗಿಲ ನಡುವೆ ಹಲಗೆಗಳು ಕೂಡುವ ಜಾಗಕ್ಕೆ ನನ್ನ ಕಣ್ಣು ನೆಟ್ಟಿತ್ತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಗಿಂತ ಹೆಚ್ಚಾಗಿ ಒಂದು ಬಗೆಯ ಸಂಭ್ರಮವಾಗಿತ್ತು. ಇಷ್ಟು ವರ್ಷ ಕಾದ ಗಳಿಗೆ ಇದೇ ಎನ್ನುವ ಹಾಗೆ. ಬಾಗಿಲು ಮೂರನೆಯ ಸಲ ಅಲುಗಿದಾಗ ನನ್ನ ತೋರುಬೆರಳು ಮಡಚಿಕೊಂಡಿತು.

ಹೊರಗಿನಿಂದ ದನಿ ಬಂತು. "ಮನಿಯಾಗ ಯಾರೂ ಇಲ್ಲೇನ್ರೀ?"

ಅಗಳಿ ತೆಗೆದೆ. ಅತ್ತೆ ನಿಂತಿದ್ದರು. ಯಾವಾಗಲೋ ಎದ್ದು ಮುಂಬಾಗಿಲಿನಿಂದ ಹೊರಟು ಮನೆ ಸುತ್ತಿ ಬಂದಿದ್ದಾರೆ. ಸೆರಗಿನ ತುಂಬ ಗೇರುಹಣ್ಣು. ಎರಡೂ ಕೈಯಿಂದ ಸೆರಗು ಹಿಡಿದದ್ದರಿಂದ ಬಾಗಿಲನ್ನು ಭುಜದಿಂದ ನೂಕುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಂದೆ ಚಾಚಿದ ಎಡಗಾಲು, ಭುಜಕ್ಕೆ ಏರಿದ ಲಟ್ಟಣಿಗೆ.

"ಯಾಕವಾ, ಹಿಂಗ್ಯಾಕ ನಿಂತಿ? ಫೋಟೋ ತಗಿಸ್ಕೊಳ್ಳಾಕತ್ತೀಯೇನು?"

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಬಂದೂಕು ಇದ್ದಿದ್ದರೆ ಹೊಡೆಯುತ್ತಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂಬುದೇ ಸಾಕಾಗಿತ್ತು. ಕಣ್ಣಲ್ಲಿ ನೀರು ಬಂತು. ಅತ್ತೆ ಪಕ್ಕದಲ್ಲಿ ಕೂತು, ಯಾರ ಮನೆಯ ಹುಡುಗಿಯೋ ಅಳುತ್ತಿದ್ದಾಳೆ ಎಂಬಂತೆ, ಇದ್ದುದರಲ್ಲಿ ಕೆಂಪಗಿನ ಹಣ್ಣನ್ನು ಆರಿಸಿ ನನ್ನ ಕೈಗಿಟ್ಟರು. "ತಿನ್ನು, ನಿಮ್ಮವ್ವ ಬರ್ತಾಳ" ಎಂದರು. ಗಂಟಲು ಕೆರೆಯುವ ಆ ಹಣ್ಣನ್ನು ಪೂರ್ತಿ ತಿಂದೆ.

ನಮ್ಮವರು ಅಕ್ಕನನ್ನು ಕರೆತಂದು, ಉಳಿದವರೆಲ್ಲ ಮಲಗಿದ ಮೇಲೆ ನಡೆದದ್ದನ್ನು ಅವರಿಗೆ ಹೇಳಿದೆ. "ಮನಿಗೆ ಬ್ಯಾಡ್ರಿ. ನಾ ಮತ್ತ ಆ ಮಾತು ತಗಿಯೂದಿಲ್ಲ" ಎಂದೆ. ಗೆದ್ದವರ ಗತ್ತು ಅವರ ಮುಖದಲ್ಲಿ ಬರಬಹುದೆಂದು ಕಾದೆ. ಬರಲಿಲ್ಲ. ಹಿತ್ತಲ ಬಾಗಿಲ ಅಗಳಿಯನ್ನೊಮ್ಮೆ ಎಳೆದು ನೋಡಿ ಕೇಳಿದರು, "ಮತ್ತ ಆಟಕ್ಕ?"

ನಾನು ತಲೆಯೆತ್ತಿ ಅವರನ್ನು ನೋಡಿದೆ.

"ಹಾಲು ಯಾಕ ಉಕ್ಕತೈತಿ ಅಂತ ನನಗ ಗೊತ್ತಿಲ್ಲಂತ ತಿಳದೀಯೇನು?" ಎಂದರು. "ರವಿವಾರ ಅಂಗಡಿ ಬಂದ್ ಇರತೈತಿ. ನಾ ಬಿಟ್ಟು ಬರ್ತೀನಿ."

ಹಾಗೆ ಈಗ ರವಿವಾರಗಳಲ್ಲಿ ಕಾಕತಿಯಾಚೆಯ ಬಯಲಿಗೆ ಹೋಗುತ್ತೇನೆ. ಬಂದೂಕುಗಳೆಲ್ಲ ಅಲ್ಲಿಯೇ ಬೀಗದೊಳಗೆ ಇರುತ್ತವೆ. ತರಬೇತಿದಾರರು ಪಕ್ಕದಲ್ಲಿ ನಿಂತು, ಕಲಿಯುವವರಿಗೆಂದೇ ಇಟ್ಟ ಹಳೆಯ ಜೋಡುನಳಿಗೆಯ ಬಂದೂಕನ್ನು ಕೈಗೆ ಕೊಡುತ್ತಾರೆ. ನಮ್ಮವರು ಕಾರಿನ ಗಾಜು ಏರಿಸಿಕೊಂಡು ಒಳಗೇ ಕೂತು ಕಿವಿ ಮುಚ್ಚಿಕೊಳ್ಳುತ್ತಾರೆ.

ಪುಣೆಯ ಆಟಗಾರ ಇನ್ನೊಮ್ಮೆ ಬಂದಿದ್ದ. ತನ್ನ ಬಂದೂಕನ್ನು ಖಾಲಿ ಮಾಡಿ ತೋರಿಸಿ, ಹಿಡಿದು ನೋಡಿ ಎಂದು ಕೊಟ್ಟ. ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು, ಅಂದುಕೊಂಡದ್ದಕ್ಕಿಂತ ಚೆಂದವೂ ಇತ್ತು. ಕೆನ್ನೆಗೆ ಒತ್ತಿ ದೂರದ ಗುಡ್ಡದ ನೆತ್ತಿಯನ್ನು ನೋಡಿ ಹಿಂದಿರುಗಿಸಿದೆ. ಯಾವ ಬಗೆಯದು, ಎಷ್ಟುದ್ದದ ನಳಿಗೆ, ಎಂಥ ಹಿಡಿ, ಎಲ್ಲವನ್ನೂ ಈಗ ಆರಿಸಿಯಾಗಿದೆ. ಅದು ನನ್ನದಾಗುವುದಿಲ್ಲ. ಆದರೂ ಆರಿಸಿಟ್ಟಿದ್ದೇನೆ. ಕೆಲವು ಆಸೆಗಳನ್ನು ಮನೆಗೆ ತರದೆಯೂ ಅವುಗಳ ಜತೆ ಬಾಳುವೆ ಮಾಡಬಹುದು.

ಈ ಆಟದಲ್ಲಿ ಬಿಲ್ಲೆ ಹಾರಿಸಲು ಆಟಗಾರನೇ ಕೂಗು ಹಾಕಬೇಕು. ಎಲ್ಲರೂ ಪುಲ್ ಎಂದು ಕೂಗುತ್ತಾರೆ. ನನ್ನ ಸರದಿ ಮೊದಲ ಬಾರಿ ಬಂದ ದಿನ ಬಾಯಲ್ಲಿ ಆ ಮಾತು ಏಳಲಿಲ್ಲ. ಬಾಗಿಲಿಗೆ ಯಾರೋ ಬಂದರೆ ಕರೆಯುವ ಹಾಗೆ "ಬರ್ರಿ!" ಎಂದುಬಿಟ್ಟೆ. ಹಿಂದೆ ಎಲ್ಲರೂ ನಕ್ಕರು, ಯಂತ್ರದ ಗುಂಡಿ ಒತ್ತುವವನೂ ನಗುತ್ತಲೇ ಒತ್ತಿದ. ಕಿತ್ತಳೆ ಬಣ್ಣದ ಬಿಲ್ಲೆ ನೆಲ ಬಿಟ್ಟು ಎದ್ದಿತು. ಬೆಳಗಿನ ಬಿಸಿಲಿನಲ್ಲಿ ತಿರುಗುತ್ತ, ಹೊಳೆಯುತ್ತ ಮೇಲೇರಿತು. ನಾನು ಬಂದೂಕಿನ ಕುದುರೆ ಎಳೆಯುವುದನ್ನೇ ಮರೆತು, ಅದು ಗುಡ್ಡದ ಹುಲ್ಲಿನಲ್ಲಿ ಇಡಿಯಾಗಿ ಇಳಿಯುವವರೆಗೂ ನೋಡುತ್ತ ನಿಂತೆ.

"ಯಾಕ್ರೀ ಮೇಡಂ, ಹೊಡೀಲಿಲ್ಲ?" ಎಂದರು ತರಬೇತಿದಾರರು.

"ಭಾಳ ಚಂದಿತ್ರೀ" ಎಂದೆ. "ಇನ್ನೊಂದು ಬಿಡ್ರಿ."