ಹಗ್ಗ ಹಿಡಿದವರ ಪಾಲು

ಬಂಗುಡೆ ಮೀನಿನ ಜೊತೆ ಒಂದೇ ಚೀಲದಲ್ಲಿ ಕಾನೂನನ್ನು ಹಾಕಿಕೊಂಡು ಬರಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಾರವಾರದ ಮೀನುಪೇಟೆಯಿಂದ ಹಬ್ಬುವಾಡದ ಬಾಡಿಗೆ ಮನೆಗೆ ಬರುವಾಗ ಝೆರಾಕ್ಸ್ ಅಂಗಡಿಯಲ್ಲಿ ನಿಂತು, ನಮ್ಮ ಹೆಡ್ ಮಾಸ್ತರರು ಮೊಬೈಲಿಗೆ ಕಳಿಸಿದ್ದ ಹನ್ನೆರಡು ಪುಟ ಪ್ರಿಂಟ್ ತೆಗೆಸಿ ಚೀಲಕ್ಕೆ ತುರುಕಿದ್ದೆ. ಮನೆಗೆ ಬಂದು ನೋಡಿದರೆ ಶಿಕ್ಷಕರ ಅರ್ಹತೆ ಕುರಿತ ಹೊಸ ಮಸೂದೆಯ ಕರಡು ಪೂರ್ತಿ ಮೀನು ನಾರುತ್ತಿತ್ತು. ಒಂದೊಂದೇ ಹಾಳೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ನಿಂತುಕೊಂಡೇ ಓದಿದೆ.

ಸಾರಾಂಶ ಇಷ್ಟೇ. ಎಷ್ಟು ವರ್ಷ ಕಲಿಸಿದ್ದರೂ ಸರಿ, ಅತಿಥಿ ಶಿಕ್ಷಕರಾದರೂ ಸರಿ, ಎರಡು ವರ್ಷದೊಳಗೆ ಅರ್ಹತಾ ಪರೀಕ್ಷೆ ಪಾಸಾಗಬೇಕು, ಇಲ್ಲವಾದರೆ ಮನೆಗೆ. ವಿಧಾನಸಭೆಯ ಮುಂದಿಡುವ ಮೊದಲು ಸಾರ್ವಜನಿಕರ ಆಕ್ಷೇಪಣೆ ಕೇಳಿದ್ದಾರೆ. ನಾನು ಹದಿನಾಲ್ಕು ವರ್ಷದಿಂದ ಅತಿಥಿ. ಇಷ್ಟು ದಿನ ಯಾವ ನೆಂಟರೂ ಯಾರ ಮನೆಯಲ್ಲೂ ಉಳಿದಿರಲಿಕ್ಕಿಲ್ಲ. ಆ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೇನೆ. ಅಳುವ ಮಗುವಿಗೆ ಶಿಕ್ಷಕಿ ಮೊದಲು ಏನು ಮಾಡಬೇಕು ಎಂಬ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿದ್ದರು. ಮೂಗು ಒರೆಸಬೇಕು ಎಂಬುದು ಅವುಗಳಲ್ಲಿರಲಿಲ್ಲ. ನಗಬೇಡಿ, ಅದನ್ನೇ ಹುಡುಕುತ್ತ ಹತ್ತು ನಿಮಿಷ ಕಳೆದೆ.

ಹೆಡ್ ಮಾಸ್ತರರು ಒಳ್ಳೆಯವರು. ಆಕ್ಷೇಪಣೆ ಬರೆಯುವುದಾದರೆ ಹೆಸರು ಹಾಕಬೇಡಿ, ನೊಂದ ಶಿಕ್ಷಕಿ ಎಂದು ಬರೆದುಬಿಡಿ, ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದರು. ತಲೆಯಾಡಿಸಿ ಬಂದಿದ್ದೆ. ಆದರೆ ಮೀನು ನಾರುವ ಸರ್ಕಾರಿ ಕಾಗದವನ್ನು ನಾನು ನೋಡಿದ್ದು ಅದೇ ಮೊದಲಲ್ಲ.

ಅಂಕೋಲೆಯ ಕಡಲ ದಂಡೆಯಲ್ಲಿ ನಮ್ಮೂರ ಶಾಲೆ. ಅಲ್ಲಿ ದೇವಕಿ ಅಕ್ಕೋರಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು. ಈಗಿನ ಮಕ್ಕಳು ಮಿಸ್ ಎಂದು ಕೂಗಿದರೆ ನಾನು ಬೇರೆ ಯಾರನ್ನೋ ಕರೆದರೆಂದು ಮುಂದೆ ಹೋಗಿಬಿಡುತ್ತೇನೆ. ದೇವಕಿ ಅಕ್ಕೋರದು ಹಂಗಾಮಿ ನೌಕರಿ. ಓದಿದ್ದು ಮೆಟ್ರಿಕ್, ತರಬೇತಿ ಇಲ್ಲ. ಅವರೂ ನಮ್ಮ ಹಾಗೆ ಮೀನುಗಾರರ ಮನೆಯವರೇ. ಒಂದನೇ ಇಯತ್ತೆಗೆ ಬರುವ ನಮಗೆ ಕೊಂಕಣಿ ಬಿಟ್ಟರೆ ಏನೂ ಬಾರದು. ದೀಪಾವಳಿಯವರೆಗೆ ಕೊಂಕಣಿಯಲ್ಲಿ ಮಾತಾಡಿಸುತ್ತ ಪದಪದವಾಗಿ ಕನ್ನಡ ಬೆರೆಸುತ್ತಿದ್ದರು. ಆಮೇಲೆ ಕನ್ನಡದಲ್ಲಿ ಕೇಳದೆ ಇದ್ದರೆ ನೀರು ಕುಡಿಯಲೂ ಬಿಡುತ್ತಿರಲಿಲ್ಲ.

ರಂಪಣಿ ಬಲೆ ಎಳೆಯುವ ದಿನ ಶಾಲೆ ಖಾಲಿ. ಬಲೆ ಅಷ್ಟು ದೊಡ್ಡದು. ಎರಡು ಕಡೆಯ ಹಗ್ಗ ಹಿಡಿದು ದಂಡೆಗೆ ಎಳೆಯಲು ಊರಿಗೆ ಊರೇ ಬೇಕು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲುಂಟು. ದಾರಿಹೋಕನಾದರೂ ಆಯಿತು, ಮಗುವಾದರೂ ಆಯಿತು. ಅಕ್ಕೋರು ಬೈಯುತ್ತ ಕೂರುವ ಜಾತಿಯಲ್ಲ. ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ದಂಡೆಗೇ ಬಂದು, ಹಗ್ಗದುದ್ದಕ್ಕೂ ನಡೆಯುತ್ತ ಹೆಸರು ಕೂಗಿ, ಮಗ್ಗಿ ಹೇಳಿಸುತ್ತಿದ್ದರು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಂಥದೇ ಒಂದು ದಿನ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ತನಿಖೆಗೆ ಬಂದರು. ಖಾಲಿ ಶಾಲೆ ಕಂಡು ಸಿಟ್ಟಿನಿಂದ ದಂಡೆಗೆ ಇಳಿದರು. ಅಕ್ಕೋರ ಹತ್ತಿರ ತರಬೇತಿಯ ಸರ್ಟಿಫಿಕೇಟ್ ಕೇಳುತ್ತಿರುವಾಗಲೇ ಮರಳಲ್ಲಿ ಕಾಲು ಜಾರಿ, ಬೀಳದಿರಲು ಹಗ್ಗ ಹಿಡಿದುಕೊಂಡರು. ಅದನ್ನು ನಾನು ನೋಡಿದೆ. ಪಾಲು ಹಂಚಿದಾಗ ಅವರದೊಂದು ಪಾಲು, ಎಂಟು ಬಂಗುಡೆ, ಬುಟ್ಟಿಗೆ ಹಾಕಿಸಿಕೊಂಡು ಓಡಿಹೋಗಿ ಜೀಪಿನಲ್ಲಿಟ್ಟೆ. ಅವರ ಕಾಗದಗಳ ಮೇಲೆ. ಯಾರೂ ಹೇಳಿರಲಿಲ್ಲ, ಹೇಳಬೇಕೆಂದೂ ಇರಲಿಲ್ಲ, ಅದು ರೂಢಿ.

ಸಾಹೇಬರು ಅದನ್ನು ಲಂಚ ಎಂದು ಬರೆದರು. ತರಬೇತಿ ಇಲ್ಲ, ಮಕ್ಕಳನ್ನು ಮೀನು ಹಿಡಿಯಲು ಕಳಿಸುತ್ತಾರೆ, ಅಧಿಕಾರಿಗೆ ಮೀನಿನ ಆಮಿಷ ಒಡ್ಡಿದ್ದಾರೆ. ಹದಿನೈದು ದಿನದಲ್ಲಿ ಅಕ್ಕೋರ ನೌಕರಿ ಹೋಯಿತು. ನಮ್ಮಪ್ಪನೂ ಸೇರಿ ಅಕ್ಷರ ಬಲ್ಲವರು ನಾಲ್ಕೈದು ಜನ ಊರಲ್ಲಿದ್ದರು. ಹಾಗಲ್ಲ ಸಾಹೇಬರೇ, ಅದು ಪಾಲು ಎಂದು ಒಂದು ಕಾಗದ ಬರೆಯಲು ಒಬ್ಬರಿಗೂ ಧೈರ್ಯ ಬರಲಿಲ್ಲ. ಸರ್ಕಾರದ ವಿಷಯ, ನಮಗ್ಯಾಕೆ ಎಂದರು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಅಕ್ಕೋರ ಮನೆ ಬಾಗಿಲಲ್ಲಿ ನಿಂತು ನಾನು ಅತ್ತೆ. ಅವರು ಮೀನು ಹೆಚ್ಚುತ್ತಿದ್ದವರು ಕೈ ತೊಳೆದು ಬಂದರು.

"ನಿಂದೆಂತ ತಪ್ಪು ತಂಗಿ? ಹಗ್ಗ ಹಿಡಿದವ್ರಿಗೆ ಪಾಲು ಕೊಡೂದೇ. ಅವ್ರಿಗೆ ಗೊತ್ತಿಲ್ಲ ಅಂದ್ರೆ ಅವ್ರಿಗೂ ಕಲಿಸ್ಬೇಕಿತ್ತು. ಅದೊಂದು ನಂಗೆ ಆಗ್ಲಿಲ್ಲ ನೋಡು."

ಆಮೇಲೆ ತರಬೇತಿ ಪಡೆದ ಮಾಸ್ತರರು ಬಂದರು. ಕೆಟ್ಟವರಲ್ಲ, ಪಾಪ. ಕೊಂಕಣಿ ಬಾರದು ಅಷ್ಟೇ. ಆ ವರ್ಷ ಒಂದನೇ ಇಯತ್ತೆಗೆ ಸೇರಿದವರಲ್ಲಿ ನನ್ನ ತಂಗಿಯೂ ಇದ್ದಳು. ಒಂದಕ್ಕೆ ಹೋಗಬೇಕೆಂದು ಕನ್ನಡದಲ್ಲಿ ಕೇಳಲು ಬಾರದೆ ಚಡ್ಡಿ ಒದ್ದೆ ಮಾಡಿಕೊಂಡು ಬಂದವಳು ಮತ್ತೆ ಶಾಲೆಯ ಕಡೆ ಮುಖ ಹಾಕಲಿಲ್ಲ. ಈಗಲೂ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ.

ಪರೀಕ್ಷೆಯೇ ಬೇಡ ಎನ್ನುವವಳು ನಾನಲ್ಲ. ನನಗೆ ಬಾರದ್ದು ಬಹಳ ಇದೆ. ಮೂರನೇ ಸಲವೂ ಕೂರುತ್ತೇನೆ. ಆದರೆ ಕಾನೂನು ಮಾಡುವವರು ಕಲಿಸಿದ ವರ್ಷಗಳನ್ನೂ ಎಣಿಸಲಿ. ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ದಿನ ಬಂದು ಕೂತು ನೋಡಲಿ. ಮಗುವಿನ ಮನೆಮಾತು ಟೀಚರಿಗೆ ಬರುತ್ತದೋ ಇಲ್ಲವೋ ಎಂದು ಒಂದು ಸಾಲಾದರೂ ಮಸೂದೆಯಲ್ಲಿ ಸೇರಿಸಲಿ. ಇಷ್ಟು ಕೇಳಲು ನಾನು ಹೆಸರು ಮುಚ್ಚಿಡಬೇಕೇ?

ಊಟ ಮಾಡದೆ ಕೂತು ಬರೆದೆ. ನನ್ನ ಹೆಸರು, ಶಾಲೆಯ ಹೆಸರು, ಎರಡು ಸಲ ನಪಾಸಾದದ್ದು, ದೇವಕಿ ಅಕ್ಕೋರ ಕಥೆ, ಎಲ್ಲವನ್ನೂ ಬರೆದೆ. ಕರಡಿನ ಜೊತೆ ಕೊಟ್ಟಿದ್ದ ನಮೂನೆಯ ಕೊನೆಯಲ್ಲಿ ಆಕ್ಷೇಪಣೆ ಸಲ್ಲಿಸುವವರ ವಿದ್ಯಾರ್ಹತೆ ಎಂಬ ಕಾಲಂ ಇತ್ತು. ಡಿಗ್ರಿ ಬರೆಯಲು ಹೋದವಳು ಬಿಟ್ಟು, ಹೀಗೆ ತುಂಬಿದೆ: "ಕನ್ನಡದ ಒಂದು ಪದವೂ ಬಾರದೆ ಒಂದನೇ ಇಯತ್ತೆಗೆ ಸೇರಿದವಳು. ಮೇಲಿನ ಆರು ಪುಟ ನಾನೇ ಬರೆದದ್ದು."